ಒರೆಗೆ ಹಚ್ಚಿದರೆ ಸಾಕಾ? ತತ್ತ್ವಸಿದ್ಧಾಂತಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು

ಕಳೆದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಸಂಜೆ ರಥಬೀದಿಗೆ ಒಂದು ಸುತ್ತು ಹೋಗಿ ಬರೋಣ ಅಂತ ಹೊರಟೆವು. ಮೊದಲು ಚಂದ್ರಮೌಳೀಶ್ವರ, ಮತ್ತೆ ಅನಂತೇಶ್ವರ, ಆಮೇಲೆ ಕೃಷ್ಣ ಮಠ. ಉಡುಪಿಯಲ್ಲಿ ಕ್ರಮ ಹಾಗೆ. ಕನಕನ ಕಿಂಡಿಯ ಎದುರು ನಿಂತಿದ್ದಾಗ ಹುಡುಗ ಕೇಳಿದ (ಕೇಳಿದ್ದು ತುಳುವಿನಲ್ಲಿ, ನಾನು ಕನ್ನಡಕ್ಕೆ ತಂದಿದ್ದೇನೆ): "ಮಾವ, ನಮ್ಮಲ್ಲಿ ಜಗತ್ತು ಸತ್ಯ ಅಂತಾರೆ. ಅತ್ತೆಯ ತವರಲ್ಲಿ ಮಿಥ್ಯೆ ಅಂತಾರೆ. ಕಾಲೇಜಿನಲ್ಲಿ ಎಲ್ಲ ಪರಮಾಣು ಅಂತಾರೆ. ಇದರಲ್ಲಿ ಯಾವುದನ್ನಾದರೂ ನಂಬಬಹುದಾ? ಅಲ್ಲ, ಎಲ್ಲ ಸುಮ್ನೆ ಮಾತಾ?"

ನಾನು ತತ್ತ್ವಶಾಸ್ತ್ರ ಕಲಿಸಿದವನಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಬಹುಪಾಲು ಚಿನ್ನದ ಸಾಲದ ಕೌಂಟರಿನ ಹತ್ತಿರ. ಯಾವುದನ್ನು ಎಷ್ಟು ನಂಬಬಹುದು ಅಂತ ನೋಡುವುದೇ ಅಲ್ಲಿನ ಕೆಲಸ. ನಿವೃತ್ತಿಯಾದ ಮೇಲೆ ಈ ವಿಷಯ ಸ್ವಲ್ಪ ಓದಿದೆ, ತಿಳಿದವರ ಪಾಠಕ್ಕೆ ಕೂತೆ. ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಮಾಧ್ವರ ಮನೆ, ಜಗತ್ತು ಸತ್ಯ ಎನ್ನುವ ದ್ವೈತದವರು. ಹೆಂಡತಿ ಕೋಟದ ಕಡೆಯವಳು, ಸ್ಮಾರ್ತರು, ಜಗತ್ತು ಮಿಥ್ಯೆ ಎನ್ನುವ ಅದ್ವೈತದವರು. ಏಕಾದಶಿ ಅಂತ ನಾನು ಹೊಟ್ಟೆ ಕಟ್ಟಿಕೊಂಡು ಕೂತ ದಿನ ಅವಳ ತವರಲ್ಲಿ ನೀರುದೋಸೆ ಹೊಯ್ಯುತ್ತಿರುತ್ತಾರೆ. ನನ್ನ ತಕ್ಕಡಿ ಸ್ವಲ್ಪ ವಾಲಿದ್ದರೆ ಯಾವ ಕಡೆಗೆ ಅಂತ ನಿಮಗೆ ಗೊತ್ತಿರಲಿ.

ಈ ಪ್ರಶ್ನೆ ಉಳಿದ ಪ್ರಶ್ನೆಗಳ ಹಾಗಲ್ಲ. ನಾಳೆ ಮಲ್ಪೆಯಲ್ಲಿ ಸಮುದ್ರ ಇಷ್ಟು ಗಂಟೆಗೆ ಏರುತ್ತದೆ ಅಂತ ಯಾರಾದರೂ ಹೇಳಿದರೆ ಹೋಗಿ ನೋಡಬಹುದು. ತಪ್ಪಿದರೆ ತಪ್ಪಿತು. "ಕಾಲ ಎಂಬುದು ನಿಜವಾಗಿ ಇದೆ" ಅಂದರೆ ಎಲ್ಲಿಗೆ ಹೋಗಿ ನೋಡುವುದು? ಜಗತ್ತು ಸತ್ಯವಾಗಿದ್ದರೂ ಮಿಥ್ಯೆಯಾಗಿದ್ದರೂ ನೀರುದೋಸೆಯ ರುಚಿ ಅದೇ. ಇರುವುದರ ಬುಡ ಏನು, ಆತ್ಮ ಒಂದೋ ಹಲವೋ, ವಸ್ತು ಕೊನೆಗೆ ಏನಾಗಿ ನಿಲ್ಲುತ್ತದೆ, ಇಂಥವಕ್ಕೆ ಉತ್ತರ ಹೇಳುವುದನ್ನೇ ತತ್ತ್ವಸಿದ್ಧಾಂತ ಎನ್ನುತ್ತೇನೆ. ಕಾಲೇಜಿನವರು ಮೆಟಾಫಿಸಿಕ್ಸ್ ಎನ್ನುತ್ತಾರೆ.

ಉಜ್ಜುವುದು, ಕತ್ತರಿಸುವುದು

ಒರೆಗಲ್ಲು ನೋಡಿದ್ದೀರಾ? ಕಪ್ಪಗೆ, ನುಣ್ಣಗೆ, ಅಂಗೈಯಷ್ಟು ಇರುತ್ತದೆ. ಅದರ ಮೇಲೆ ಬಳೆಯನ್ನು ಉಜ್ಜಿದರೆ ಹಳದಿ ಗೆರೆ ಬೀಳುತ್ತದೆ. ಪಕ್ಕದಲ್ಲಿ ಮಟ್ಟ ಗೊತ್ತಿರುವ ಚಿನ್ನದ ಇನ್ನೊಂದು ಗೆರೆ. ಎರಡರ ಮೇಲೂ ಆಸಿಡ್ ಹನಿ. ತಾಮ್ರ ಜಾಸ್ತಿ ಇದ್ದರೆ ಆ ಗೆರೆ ಮಾಸಿಹೋಗುತ್ತದೆ. ಎರಡು ನಿಮಿಷದ ಕೆಲಸ.

ಒಂದು ಸಲ ಆರು ಬಳೆ ಬಂದವು. ಗೆರೆ ಸರಿ, ಆಸಿಡ್ ಸರಿ. ಚಿನ್ನ ಪರೀಕ್ಷಿಸುವ ಅಪ್ರೈಸರ್ ಒಪ್ಪಿದರು, ನಾನು ಸಹಿ ಹಾಕಿದೆ. ಬಡ್ಡಿ ಬರಲಿಲ್ಲ, ಆಸಾಮಿಯೂ ಬರಲಿಲ್ಲ. ಹರಾಜಿಗೆ ಮುಂಚೆ ಒಂದನ್ನು ಕತ್ತರಿಸಿದರೆ ಒಳಗೆ ತಾಮ್ರ! ಮೇಲಿನ ಚಿನ್ನದ ಪದರ ದಪ್ಪ ಇತ್ತು. ನಾವು ಉಜ್ಜಿದ್ದು ಅದನ್ನೇ. ವಿಚಾರಣೆಯಾಗಿ ನನ್ನ ಒಂದು ಇನ್‌ಕ್ರಿಮೆಂಟ್ ಹೋಯಿತು.

ಚಿನ್ನವನ್ನು ಕಾಯಿಸಿ, ಕತ್ತರಿಸಿ, ಉಜ್ಜಿ ನೋಡುವ ಹಾಗೆ ನನ್ನ ಮಾತನ್ನೂ ಪರೀಕ್ಷಿಸಿ ತೆಗೆದುಕೊಳ್ಳಿ, ನನ್ನ ಮೇಲಿನ ಗೌರವಕ್ಕೆ ಬೇಡ ಅಂತ ಬುದ್ಧ ಹೇಳಿದ್ದಾಗಿ ಒಂದು ಹಳೆಯ ಸಂಸ್ಕೃತ ಶ್ಲೋಕ ಇದೆ. ಮೊದಲ ಸಲ ಅದನ್ನು ಓದಿದಾಗ ಆ ಆರು ಬಳೆ ನೆನಪಾದವು. ವಾದದಲ್ಲಿ ಗೆಲ್ಲುವುದು, ಒಳಗೊಳಗೆ ವಿರೋಧ ಇಲ್ಲದಿರುವುದು, ಕೇಳಲು ಚಂದ ಇರುವುದು, ಇದೆಲ್ಲ ಉಜ್ಜುವ ಲೆಕ್ಕ. ಸಿದ್ಧಾಂತ ತಪ್ಪಾಗಿದ್ದರೆ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಜಾಗ ತೋರಿಸುವುದು ಕತ್ತರಿಸಲು ಕೈಗೆ ಕೊಟ್ಟ ಹಾಗೆ. ಮುಂದೆ ಒಂದೊಂದನ್ನು ನೋಡುವಾಗ ನಾನು ಕೇಳುವುದು ಮುಖ್ಯವಾಗಿ ಇದನ್ನೇ.

ಎಲ್ಲವನ್ನೂ ಎಸೆದುಬಿಡಿ ಎನ್ನುವವರು

ನಮ್ಮಲ್ಲಿ ಚಾರ್ವಾಕರು, ಕಣ್ಣಿಗೆ ಕಂಡದ್ದು ಮಾತ್ರ ಎನ್ನುವವರು. ಸ್ಕಾಟ್ಲೆಂಡಿನಲ್ಲಿ ಡೇವಿಡ್ ಹ್ಯೂಮ್. ಸಂಖ್ಯೆಯ ಲೆಕ್ಕವೂ ಇಲ್ಲದ, ಅನುಭವದ ಪರೀಕ್ಷೆಯೂ ಇಲ್ಲದ ಪುಸ್ತಕವನ್ನು ಬೆಂಕಿಗೆ ಹಾಕಿ ಅಂತ 1748ರಲ್ಲಿ ಬರೆದ. 1920ರ ದಶಕದಲ್ಲಿ ವಿಯೆನ್ನಾದ ಒಂದು ಗುಂಪು ಇನ್ನೂ ಮುಂದೆ ಹೋಯಿತು. ಪರೀಕ್ಷಿಸಲು ಆಗದ ಮಾತು ಸುಳ್ಳು ಕೂಡ ಅಲ್ಲ, ಅದಕ್ಕೆ ಅರ್ಥವೇ ಇಲ್ಲ ಎಂದರು.

ಇಪ್ಪತ್ತರ ವಯಸ್ಸಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ನನಗೂ ಹಿಡಿಸಿತ್ತು. ಆದರೆ ಚಾರ್ವಾಕನನ್ನು ಹಳೆಯ ನೈಯಾಯಿಕರು (ನ್ಯಾಯ ದರ್ಶನದ ತರ್ಕಪಂಡಿತರು) ಕೇಳಿದ ಪ್ರಶ್ನೆಗೆ ಅವನಲ್ಲಿ ಉತ್ತರ ಇಲ್ಲ: ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕವನ್ನು, ನಂಬಬಾರದು ಎಂಬುದನ್ನು ನೀನು ಯಾವ ಕಣ್ಣಿಂದ ನೋಡಿದೆ? ಹ್ಯೂಮ್‌ನ ಆ ಮಾತಿನಲ್ಲೂ ಲೆಕ್ಕ ಇಲ್ಲ, ಪ್ರಯೋಗ ಇಲ್ಲ. ಬೆಂಕಿಗೆ ಮೊದಲು ಅದೇ ಬೀಳಬೇಕು, ಅಲ್ವಾ? ವಿಯೆನ್ನಾದವರ ನಿಯಮದ ಗತಿಯೂ ಅದೇ ಆಯಿತು. ಕೂತ ಕೊಂಬೆಯನ್ನೇ ಕಡಿಯುವ ಕೆಲಸ.

ಸೋಮಾರಿ ಮಾತನ್ನು ಗುಡಿಸಲು ಪೊರಕೆಯಾಗಿ ಇವರನ್ನು ಇಟ್ಟುಕೊಳ್ಳಿ. ಮನೆ ಕಟ್ಟಲು ಪೊರಕೆ ಸಾಲದು.

ತಿಳಿಯಲಾಗದು, ಬಿಡಿ ಎನ್ನುವವರು

ಇಲ್ಲಿ ಎರಡು ಜಾತಿ ಇದೆ, ಬೆರೆಸಬಾರದು.

ಬುದ್ಧನದು ವೈದ್ಯನ ದಾರಿ. ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಅಂತ್ಯ ಇದೆಯೋ ಇಲ್ಲವೋ ಅಂತ ಶಿಷ್ಯ ಮಾಲುಂಕ್ಯಪುತ್ತ ಹಟ ಹಿಡಿದಾಗ ಬುದ್ಧ ಬಾಣ ತಗಲಿದವನ ಕಥೆ ಹೇಳಿದ. ಬಾಣ ಬಿಟ್ಟವನ ಜಾತಿ ಯಾವುದು, ಬಿಲ್ಲು ಯಾವ ಮರದ್ದು ಅಂತ ತಿಳಿಯದೆ ಬಾಣ ತೆಗೆಸಿಕೊಳ್ಳುವುದಿಲ್ಲ ಅಂದರೆ ಅವನು ಸಾಯುತ್ತಾನೆ. ಪ್ರಶ್ನೆಗೆ ಉತ್ತರವೇ ಇಲ್ಲ ಅಂತ ಇದರ ಅರ್ಥ ಅಲ್ಲ. ನಿನ್ನ ನೋವಿಗೆ ಅದು ಮದ್ದಲ್ಲ ಅಂತ. ದುಃಖದಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಗೊತ್ತಿಲ್ಲ. (ಬೌದ್ಧರು ನಮಗೆ ದೂರದವರಲ್ಲ. ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿ 968ನೇ ಇಸವಿಯದು, ಆಳುಪ ದೊರೆ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು. ಬೌದ್ಧರ ಅವಲೋಕಿತೇಶ್ವರ ಅಂತಲೇ ವಿದ್ವಾಂಸರು ಗುರುತಿಸುತ್ತಾರೆ. ಮಂಜುನಾಥನ ಸನ್ನಿಧಿಯಲ್ಲಿ ತಣ್ಣಗೆ ಕೂತಿದ್ದಾನೆ.)

ಕಾಂಟ್‌ನದು ಬೇಲಿ ಹಾಕುವ ದಾರಿ. ಈ ಜರ್ಮನ್ ತತ್ತ್ವಜ್ಞನ 1781ರ ದೊಡ್ಡ ಪುಸ್ತಕದಲ್ಲಿ ಒಂದು ಆಟ ಇದೆ. ಜಗತ್ತಿಗೆ ಆದಿ ಇದೆ ಅಂತ ಒಂದು ಪುಟದಲ್ಲಿ ಸಾಧಿಸುತ್ತಾನೆ, ಇಲ್ಲ ಅಂತ ಎದುರಿನ ಪುಟದಲ್ಲಿ ಸಾಧಿಸುತ್ತಾನೆ. ಎರಡೂ ಗೆಲ್ಲುತ್ತವೆ. ಬುದ್ಧಿ ತನ್ನ ಗಡಿ ದಾಟಿದರೆ ಹೀಗಾಗುತ್ತದೆ ಅಂತ ಅವನ ತೀರ್ಮಾನ. ಎದುರಾಳಿಯ ವಾದ ಬಿದ್ದರೆ ನನ್ನದು ನಿಂತ ಹಾಗೆ ಅಂತ ನಂಬುವವರು ಇದನ್ನು ಒಮ್ಮೆ ಓದಬೇಕು.

ಆದರೆ ಗಡಿಕಲ್ಲು ನೆಡುವುದರಲ್ಲಿ ಅವನೇ ಎಡವಿದ. ಯೂಕ್ಲಿಡ್‌ನ ರೇಖಾಗಣಿತ ನಮಗೆ ಕಾಣುವ ಜಗತ್ತಿಗೆಲ್ಲ ಅನ್ವಯಿಸಲೇಬೇಕು, ಅದು ನಮ್ಮ ಮನಸ್ಸಿನ ಅಚ್ಚು ಅಂತ ನಂಬಿದ್ದ. 1915ರಲ್ಲಿ ಐನ್‌ಸ್ಟೈನ್ ಬಾಗಿದ ಆಕಾಶದ ಲೆಕ್ಕ ಕೊಟ್ಟರು. 1919ರ ಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಆ ಲೆಕ್ಕದ ಹಾಗೇ ಬಾಗಿತು. ಇದರಾಚೆ ಯಾರಿಗೂ ತಿಳಿಯದು ಅಂತ ಗೆರೆ ಎಳೆಯಬೇಕಾದರೆ ಆಚೆಗಿನ ಸುದ್ದಿ ಸ್ವಲ್ಪವಾದರೂ ಬೇಕಾಗುತ್ತದೆ.

ಎಲ್ಲರದ್ದೂ ಸ್ವಲ್ಪ ಸ್ವಲ್ಪ ಸರಿ

ಜೈನರ ಅನೇಕಾಂತ. ಒಂದು ರೀತಿಯಲ್ಲಿ ಇದೆ, ಒಂದು ರೀತಿಯಲ್ಲಿ ಇಲ್ಲ ಅಂತ ಏಳು ಬಗೆಯಲ್ಲಿ ಹೇಳುತ್ತಾರೆ. ಕಾರ್ಕಳದ ಬಾಹುಬಲಿಯನ್ನು ನೋಡಲು ಹೋದಾಗಲೆಲ್ಲ ನನಗೆ ಇದು ಸರಿ ಅನ್ನಿಸಿಬಿಡುತ್ತದೆ. 1432ರ ಮೂರ್ತಿ, 42 ಅಡಿ. ಪಾದದ ಹತ್ತಿರ ನಿಂತರೆ ಬೆರಳು, ಉಗುರು. ಕುತ್ತಿಗೆ ಎತ್ತಿದರೆ ಗಲ್ಲ. ದೂರ ಹೋದರೆ ಪೂರ್ತಿ ಆಳು, ಆದರೆ ಉಗುರು ಕಾಣುವುದಿಲ್ಲ.

ತೊಡಕು ಎಲ್ಲಿದೆ ಎಂದರೆ, ಕುರುಡರು ಆನೆ ಮುಟ್ಟಿದ ಕಥೆಯಲ್ಲಿ ಕಥೆ ಹೇಳುವವನಿಗೆ ಕಣ್ಣಿದೆ. ಅದು ಆನೆ ಅಂತ ಅವನಿಗೆ ಗೊತ್ತು. ನಮಗೆ ಆ ಸವಲತ್ತು ಇಲ್ಲ. ಒಬ್ಬ ಬಾಲ ಮುಟ್ಟಿರಬಹುದು, ಇನ್ನೊಬ್ಬ ಪಕ್ಕದ ಹಗ್ಗ ಮುಟ್ಟಿರಬಹುದು. ಎಲ್ಲವೂ ಅನಿಶ್ಚಿತ ಅಂದರೆ ನಿಮ್ಮ ಈ ಸಿದ್ಧಾಂತವೂ ಅನಿಶ್ಚಿತವೇ ಅಂತ ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕೇಳಿದರು. ಜೈನರಲ್ಲಿ ಅದಕ್ಕೆ ಉತ್ತರ ಇದೆ, ಸುಮ್ನೆ ಬಿಟ್ಟವರಲ್ಲ. ಆದರೂ ಆಯ್ಕೆ ಮಾಡಬೇಕಾದವನಿಗೆ ಇದು ಹೆಚ್ಚು ನೆರವಾಗುವುದಿಲ್ಲ. ಜಗಳ ತಣಿಸಲು ಒಳ್ಳೆಯದು. ಮದುವೆ ಮಾತುಕತೆಯಲ್ಲಂತೂ ಬಹಳ ಒಳ್ಳೆಯದು, ನಮ್ಮ ಮದುವೆಯಲ್ಲಿ ಉಪಯೋಗಕ್ಕೆ ಬಂದಿದೆ.

ಶಾಸ್ತ್ರ ಹೇಳಿದೆ, ಸಾಕು

ಉಡುಪಿಯಲ್ಲಿ ನೀವು ಜಾಸ್ತಿ ಕೇಳುವುದು ಇದನ್ನೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯ. ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಒಂದೇ ಮಾತನ್ನು ಒಂಬತ್ತು ಸಲ ಹೇಳುತ್ತಾನೆ. ಬಾಯಲ್ಲಿ ಹೇಳಿ ನೋಡಿ: "ಸ ಆತ್ಮಾತತ್ತ್ವಮಸಿ." ಇದನ್ನು "ಆತ್ಮಾ, ತತ್ ತ್ವಮ್ ಅಸಿ" ಅಂತ ಬಿಡಿಸಿದರೆ "ಅದೇ ನೀನು". ಅದ್ವೈತ ನಿಂತಿರುವ ಮಾತು. "ಆತ್ಮಾ, ಅತತ್ ತ್ವಮ್ ಅಸಿ" ಅಂತ ಬಿಡಿಸಿದರೆ "ಅದು ನೀನಲ್ಲ". ಮಧ್ವಾಚಾರ್ಯರು ಹೀಗೆ ಬಿಡಿಸಿದರು. ಸಂಧಿ ನಿಯಮಕ್ಕೆ ಎರಡೂ ಸರಿ. ಕಿವಿಗೆ ಎರಡೂ ಒಂದೇ. ಒಂದು "ಅ" ಇದೆಯೋ ಇಲ್ಲವೋ ಎಂಬುದರ ಮೇಲೆ ಎರಡು ಜಗತ್ತು!

ಹಾಗಾದರೆ ಸಂದರ್ಭ ನೋಡೋಣ. ದಾರಕ್ಕೆ ಕಟ್ಟಿದ ಹಕ್ಕಿ ಎಲ್ಲೆಲ್ಲೋ ಹಾರಿ ಕೊನೆಗೆ ಕಟ್ಟಿದ ಜಾಗಕ್ಕೇ ಬರುತ್ತದೆ ಅಂತ ಅಲ್ಲಿ ದೃಷ್ಟಾಂತ ಇದೆ. ಹಕ್ಕಿ ಬೇರೆ, ಗೂಟ ಬೇರೆ ತಾನೆ ಅಂತ ದ್ವೈತಿಗಳು. ಅದೇ ಅಧ್ಯಾಯದ ಮೊದಲಿಗೆ ಒಂದು ಮಣ್ಣಿನ ಮುದ್ದೆ ತಿಳಿದರೆ ಮಣ್ಣಿನದೆಲ್ಲ ತಿಳಿದ ಹಾಗೆ ಅಂತ ಇದೆಯಲ್ಲ ಅಂತ ಅದ್ವೈತಿಗಳು. ರಾಮಾನುಜರು ಎರಡೂ ಕಡೆ ಸೇರದೆ ಆತ್ಮವೆಲ್ಲ ದೇವರ ಶರೀರ ಅಂತ ಮೂರನೇ ರೀತಿಯಲ್ಲಿ ಓದಿದರು.

ಶಾಸ್ತ್ರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಶಾಸ್ತ್ರ ಏನು ಹೇಳಿತು ಅಂತ ತೀರ್ಮಾನಿಸಲು ಶಾಸ್ತ್ರದ ಹೊರಗಿನ ಯಾವುದೋ ಒಂದು ಬೇಕಾಗುತ್ತದೆ. ಇದನ್ನು ಅದ್ವೈತದ ಶಂಕರರು, ರಾಮಾನುಜರು, ಮಧ್ವರು, ಮೂರೂ ಆಚಾರ್ಯರು ಚೆನ್ನಾಗಿ ತಿಳಿದಿದ್ದರು. ಇಲ್ಲದಿದ್ದರೆ ಅಷ್ಟು ತರ್ಕ ಬರೆಯುತ್ತಿರಲಿಲ್ಲ. "ಶಾಸ್ತ್ರ ಹೇಳಿದೆ, ಸಾಕು" ಎಂಬುದು ಶಿಷ್ಯರ ಶಿಷ್ಯರ ಮಾತು.

ಕಾಲೂರಿದ ನೆಲ

ಹೊರಗಿನ ಆ ಒಂದು ಯಾವುದು ಅಂತ ಕೇಳಿದರೆ ಮಧ್ವರ ಉತ್ತರ ನನಗೆ ಬಹಳ ಇಷ್ಟ. ಪಾಜಕದಲ್ಲಿ ಹುಟ್ಟಿದ್ದರು ಅಂತ ಅಲ್ಲ (ಸ್ವಲ್ಪ ಅದೂ ಇರಬಹುದು). ಉಪಜೀವ್ಯ ಎಂಬ ಪದ ಇದೆ. ಯಾವುದರ ಆಸರೆಯಲ್ಲಿ ಒಂದು ಮಾತು ಬದುಕಿದೆಯೋ ಅದು ಆ ಮಾತಿನ ಉಪಜೀವ್ಯ. ಜಗತ್ತು ಮಿಥ್ಯೆ ಅಂತ ಹೇಳುವ ವಾಕ್ಯವನ್ನು ಕಿವಿಯಿಂದ ಕೇಳಿದಿರಿ, ಹೇಳುವ ಗುರುವನ್ನು ಕಣ್ಣಿಂದ ಕಂಡಿರಿ. ಆ ಕಿವಿ, ಆ ಕಣ್ಣು ತೋರಿಸಿದ್ದೇ ಸುಳ್ಳಾದರೆ ವಾಕ್ಯ ಕೇಳಿದ್ದೂ ಹೋಯಿತು. ಆಸರೆಯನ್ನೇ ಕೆಡವುವ ಅರ್ಥವನ್ನು ಆ ವಾಕ್ಯಕ್ಕೆ ಹೇಳಬಾರದು. ಹ್ಯೂಮ್‌ನ ಕೊಂಬೆಗೆ ಹಾಕಿದ ಕೊಡಲಿಯನ್ನು ಇಲ್ಲಿ ನಮ್ಮವರು ಐನೂರು ವರ್ಷ ಮೊದಲೇ ಮಸೆದಿಟ್ಟಿದ್ದರು.

ಅದ್ವೈತಿಗಳು ಸುಮ್ಮನಿರಲಿಲ್ಲ. ಕನಸಿನಲ್ಲಿ ಹುಲಿ ಅಟ್ಟಿಸಿಕೊಂಡು ಬಂದು ಬೆಚ್ಚಿ ಎಚ್ಚರಾಗುತ್ತೀರಿ. ಹುಲಿ ಸುಳ್ಳು, ಎಚ್ಚರ ನಿಜ. ಹಾಗೇ ವ್ಯವಹಾರದ ಮಟ್ಟದ ಕಿವಿಯಿಂದಲೇ ಪರಮಾರ್ಥ ತಿಳಿಯಬಹುದು. ಮೆಟ್ಟಿಲು ಎರಡು ಇವೆ, ಕೆಳಗಿನದನ್ನು ನಾವು ಒಡೆಯುತ್ತಿಲ್ಲ, ದಾಟುತ್ತಿದ್ದೇವೆ. ಯಾವುದು ಎಂದೂ ಬಾಧೆಗೆ ಸಿಕ್ಕುವುದಿಲ್ಲವೋ, ಅಂದರೆ ಮುಂದಿನ ಅರಿವಿನಿಂದ ಸುಳ್ಳಾಗುವುದಿಲ್ಲವೋ, ಹಗ್ಗ ಕಂಡ ಮೇಲೆ ಹಾವು ಹೋಗುವ ಹಾಗೆ ಹೋಗುವುದಿಲ್ಲವೋ, ಅದು ಮಾತ್ರ ಸತ್ಯ.

ಮಾವನ ಮನೆ ಜಗಲಿಯಲ್ಲಿ ಈ ಉತ್ತರ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಒಳ್ಳೆಯ ಉತ್ತರ. ಆದರೆ ಬೆಲೆ ನೋಡಿ. ಹೀಗೆ ಹೇಳಿದ ಮೇಲೆ ಎಚ್ಚರದ ಯಾವ ಅನುಭವವೂ ಆ ಸಿದ್ಧಾಂತವನ್ನು ಮುಟ್ಟಲಾರದು. ಏನು ಕಂಡರೂ ಅದು ಕೆಳಗಿನ ಮೆಟ್ಟಿಲಿನದು. ಬಳೆಯನ್ನು ಎಷ್ಟು ಬೇಕಾದರೂ ಉಜ್ಜಿ, ಕತ್ತರಿಸಲು ಮಾತ್ರ ಕೊಡುವುದಿಲ್ಲ ಅಂದ ಹಾಗೆ. ಒಳಗೆ ಅಪರಂಜಿಯೇ ಇರಬಹುದು. ನನಗೆ ಗೊತ್ತಾಗುವ ದಾರಿ ಇಲ್ಲ.

ನಮ್ಮ ಮನೆಯ ಬಳೆಯೂ ಎಲ್ಲ ಕಡೆ ಕತ್ತರಿಗೆ ಸಿಗುವುದಿಲ್ಲ. ಸಾಕ್ಷಿ ಅಂತ ಮಧ್ವರು ಹೇಳುತ್ತಾರೆ, ಒಳಗೆ ಕೂತು ಸುಖದುಃಖವನ್ನು ತಪ್ಪದೆ ಅರಿಯುವವನು. ಏಕಾದಶಿಯ ಸಂಜೆ ನನಗೆ ಹಸಿವಾಗಿದೆ ಎಂಬುದರಲ್ಲಿ ಸಂಶಯ ಬರುವುದೇ ಇಲ್ಲ. ಅಷ್ಟರ ಮಟ್ಟಿಗೆ ಒಪ್ಪಿದೆ. ಆದರೆ ಜೀವರಲ್ಲಿ ಸ್ವಭಾವದಿಂದಲೇ ಬದಲಾಗದ ತರತಮ ಇದೆ, ಕೆಲವರಿಗೆ ಎಂದೂ ಬಿಡುಗಡೆ ಇಲ್ಲ ಅಂತ ಹೇಳುವಾಗ ಆ ಸಾಕ್ಷಿ ಬಾಯಿ ಬಿಡುವುದಿಲ್ಲ. ಅಲ್ಲಿ ಮತ್ತೆ ಶಾಸ್ತ್ರ, ಮತ್ತೆ "ಅ" ಇದೆಯೋ ಇಲ್ಲವೋ.

ಈ ಜಗಳ ಎಷ್ಟು ನಡೆಯಿತು ಗೊತ್ತಾ? ವಿಜಯನಗರದ ಕಾಲದಲ್ಲಿ ದ್ವೈತದ ಕಡೆಯಿಂದ ವ್ಯಾಸತೀರ್ಥರು ನ್ಯಾಯಾಮೃತ ಬರೆದರು. ಅದ್ವೈತದ ಕಡೆಯಿಂದ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಒಂದೊಂದೇ ಆಕ್ಷೇಪಕ್ಕೆ ಉತ್ತರಿಸಿದರು. ಅದಕ್ಕೆ ದ್ವೈತಿ ವ್ಯಾಸ ರಾಮಾಚಾರ್ಯರ ತರಂಗಿಣಿ ಬಂತು. ಅದಕ್ಕೆ ಬ್ರಹ್ಮಾನಂದರ ಉತ್ತರ ಬಂತು. ತಲೆಮಾರುಗಳ ಅತಿ ಚುರುಕು ಬುದ್ಧಿ ಎಲ್ಲ ಇದರಲ್ಲಿ ಕೂತಿದೆ. ಎರಡೂ ಕಡೆಯ ಗೆರೆ ಚೊಕ್ಕ ಹಳದಿ. ಯಾರೂ ಸೋಲಲಿಲ್ಲ.

ಕಾಯುವ ದಾರಿ

ಹಾಗಾದರೆ ತತ್ತ್ವಸಿದ್ಧಾಂತ ಎಂದಾದರೂ ನಿಜ ಅಂತ ಸಾಬೀತಾದದ್ದು ಇದೆಯಾ? ಇದೆ. ಒಂದನ್ನಾದರೂ ಹತ್ತಿರದಿಂದ ನೋಡೋಣ.

ನಮ್ಮ ಹಳೆಯ ಮನೆಗೆ ಮಂಗಳೂರು ಹೆಂಚು. ಅಡುಗೆ ಕೋಣೆಯ ಮೇಲೆ ಬೆಳಕಿಗೆ ಒಂದು ಗಾಜಿನ ಹೆಂಚು. ಬೆಳಗ್ಗೆ ಹತ್ತರ ಹೊತ್ತಿಗೆ ಅದರಿಂದ ಬಿಸಿಲಿನ ಕೋಲು ನೆಲಕ್ಕೆ ಇಳಿಯುತ್ತಿತ್ತು, ಅದರೊಳಗೆ ಧೂಳಿನ ಕಣ ತೇಲುತ್ತಿದ್ದವು. ಕಣಾದರ ದರ್ಶನದ ವೈಶೇಷಿಕರು ಕೈಗೆ ತೆಗೆದುಕೊಂಡದ್ದು ಇದೇ ಕಣವನ್ನು. ಕಣ್ಣಿಗೆ ಕಾಣುವುದರಲ್ಲಿ ಇದೇ ಅತಿ ಸಣ್ಣದು, ಆದರೆ ಕಾಣುವುದಕ್ಕೆಲ್ಲ ಭಾಗಗಳಿವೆ. ಒಡೆಯುತ್ತಾ ಹೋದರೆ ಎಲ್ಲಿಯಾದರೂ ನಿಲ್ಲಲೇಬೇಕು. ನಿಲ್ಲದಿದ್ದರೆ ಮೇರು ಪರ್ವತಕ್ಕೂ ಸಾಸಿವೆಗೂ ಲೆಕ್ಕವಿಲ್ಲದಷ್ಟು ಭಾಗ, ಎರಡೂ ಒಂದೇ ಗಾತ್ರ ಅನ್ನಬೇಕಾಗುತ್ತದೆ. ನಿಲ್ಲುವ ಜಾಗವೇ ಪರಮಾಣು. ಗ್ರೀಸಿನಲ್ಲಿ ಡೆಮಾಕ್ರಿಟಸ್ ಕೂಡ ಹೀಗೇ ಎಂದಿದ್ದ.

ಎರಡು ಸಾವಿರ ವರ್ಷಕ್ಕೂ ಜಾಸ್ತಿ ಇದು ಬರೀ ತತ್ತ್ವ. ಪರೀಕ್ಷೆ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೂ ಅರ್ನ್ಸ್ಟ್ ಮಾಖ್‌ನಂಥ ದೊಡ್ಡ ಭೌತವಿಜ್ಞಾನಿ ಪರಮಾಣುವನ್ನು ನಿಜ ಅಂತ ಒಪ್ಪಲಿಲ್ಲ, ಲೆಕ್ಕಕ್ಕೆ ಅನುಕೂಲದ ಕಲ್ಪನೆ ಎಂದ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ದಾರಿ ತೆರೆಯಿತು. ನೀರಿನಲ್ಲಿ ತೇಲುವ ಅತಿ ಸಣ್ಣ ಕಣಗಳು ತಮ್ಮಷ್ಟಕ್ಕೇ ನಡುಗುವುದನ್ನು ರಾಬರ್ಟ್ ಬ್ರೌನ್ 1827ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದ. (ಬಿಸಿಲುಕೋಲಿನ ಧೂಳು ತೇಲುವುದು ಹೆಚ್ಚಾಗಿ ಗಾಳಿಗೆ, ಅದು ಬೇರೆ.) ನೀರು ಅಣುಗಳಿಂದಾಗಿದ್ದರೆ, ಅವು ಗುದ್ದಿದರೆ, ಕಣ ಇಷ್ಟು ಹೊತ್ತಿನಲ್ಲಿ ಸರಾಸರಿ ಇಷ್ಟು ದೂರ ಸರಿಯಬೇಕು ಅಂತ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿದರು. ಜೀನ್ ಪೆರಿನ್ 1908ರಿಂದ ಅಳೆಯತೊಡಗಿದ. ಅಣುಗಳ ಎಣಿಕೆಗೆ ಅವನು ಹಿಡಿದ ದಾರಿ ಒಂದೇ ಅಲ್ಲ, ಹಲವು. ಒಂದಕ್ಕೊಂದು ಸಂಬಂಧ ಇಲ್ಲದ ಆ ದಾರಿಗಳೆಲ್ಲ ಹತ್ತಿರ ಹತ್ತಿರ ಒಂದೇ ಸಂಖ್ಯೆಗೆ ಬಂದು ಮುಟ್ಟಿದವು. ಹತ್ತು ಊರಿನ ಹತ್ತು ಅಪ್ರೈಸರ್‌ಗಳು ಮಾತಾಡಿಕೊಳ್ಳದೆ ಒಂದೇ ತೂಕ ಬರೆದ ಹಾಗೆ. ಒಪ್ಪದವರಲ್ಲಿ ಹೆಚ್ಚಿನವರು ಒಪ್ಪಿದರು. 1926ರಲ್ಲಿ ಅವನಿಗೆ ನೊಬೆಲ್ ಬಂತು.

ಈಗ ಎದೆ ತಟ್ಟಿಕೊಳ್ಳುವ ಮೊದಲು ಒಂದು ಮಾತು. ಸಾಬೀತಾದದ್ದು ಕಣಾದರ ಪರಮಾಣು ಪೂರ್ತಿ ಅಲ್ಲ. ಅವರ ಪರಮಾಣು ಒಡೆಯುವುದಿಲ್ಲ, ನಿತ್ಯ. ಮಣ್ಣು, ನೀರು, ಬೆಂಕಿ, ಗಾಳಿ ಅಂತ ನಾಲ್ಕು ಬಗೆ. ಈಗಿನದು ಒಡೆಯುತ್ತದೆ, ಬಗೆ ನೂರು ದಾಟಿದೆ. ಉಳಿದದ್ದು ಅಸ್ಥಿಪಂಜರ ಮಾತ್ರ: ಕಾಣುವ ವಸ್ತು ಕಾಣದ ಸಣ್ಣ ತುಣುಕುಗಳಿಂದ ಆಗಿದೆ ಎಂಬುದು.

ಇತ್ತೀಚಿನ ಇನ್ನೊಂದು ಕಥೆಯೂ ಇದೆ. ನೋಡುವ ಮೊದಲೇ ವಸ್ತುವಿನ ಗುಣ ನಿಶ್ಚಯವಾಗಿ ಇರುತ್ತದೆಯಾ? ಇದು ಅಪ್ಪಟ ತತ್ತ್ವದ ಪ್ರಶ್ನೆ, ಯಾರೂ ಅಳೆಯಲಾರರು ಅಂತಲೇ ಎಲ್ಲರ ಎಣಿಕೆ. ದೂರ ದೂರ ಹೋದ ಜೋಡಿ ಕಣಗಳಲ್ಲಿ ಗುಣ ಮೊದಲೇ ಇದ್ದು, ಒಂದರ ಪ್ರಭಾವ ಇನ್ನೊಂದಕ್ಕೆ ಬೆಳಕಿಗಿಂತ ವೇಗವಾಗಿ ಹೋಗುವುದೂ ಇಲ್ಲದಿದ್ದರೆ ಅಳತೆಗಳ ಹೊಂದಾಣಿಕೆ ಒಂದು ಮಿತಿ ದಾಟಬಾರದು ಅಂತ 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ತೋರಿಸಿದ. ಪ್ರಯೋಗದಲ್ಲಿ ಮಿತಿ ದಾಟಿತು. ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೆ 2022ರ ನೊಬೆಲ್. ಎರಡು ನಂಬಿಕೆಗಳಲ್ಲಿ ಯಾವುದು ಬಿತ್ತು ಅಂತ ಇನ್ನೂ ಚರ್ಚೆ ನಡೆಯುತ್ತಿದೆ. ಎರಡನ್ನೂ ಜೊತೆಗೆ ಸುಲಭವಾಗಿ ಇಟ್ಟುಕೊಳ್ಳುವ ಕಾಲ ಮಾತ್ರ ಹೋಯಿತು.

ವಿಜ್ಞಾನದ ತತ್ತ್ವ ಬರೆದ ಕಾರ್ಲ್ ಪಾಪರ್ ಇದನ್ನೇ ಹೇಳುತ್ತಿದ್ದ. ಪರೀಕ್ಷೆಗೆ ಸಿಗದ ಸಿದ್ಧಾಂತ ವಿಜ್ಞಾನ ಅಲ್ಲ, ಹಾಗಂತ ಅರ್ಥ ಇಲ್ಲದ್ದೂ ಅಲ್ಲ. ಇವತ್ತು ಕತ್ತರಿಗೆ ಸಿಗದ್ದು ನಾಳೆ ಸಿಗಬಹುದು.

ಒಟ್ಟು ತೂಕ, ನಿವ್ವಳ ತೂಕ

ಕರಿಮಣಿ ಸರ ಅಡವಿಗೆ ಬಂದರೆ ಅಪ್ರೈಸರ್ ಎರಡು ತೂಕ ಬರೆಯುತ್ತಾರೆ. ಮೊದಲನೆಯದು ಒಟ್ಟು. ಆಮೇಲೆ ಕರಿಮಣಿ, ಕಲ್ಲು, ಒಳಗೆ ತುಂಬಿದ ಅರಗು, ಎಲ್ಲ ಕಳೆದು ನಿವ್ವಳ. ಸಾಲ ನಿವ್ವಳದ ಮೇಲೆ. ಸರ ನಕಲಿ ಅಂತ ಯಾರೂ ಹೇಳುವುದಿಲ್ಲ, ಕರಿಮಣಿ ಬೇಡ ಅಂತಲೂ ಹೇಳುವುದಿಲ್ಲ.

ತತ್ತ್ವಸಿದ್ಧಾಂತ ಆಯ್ಕೆ ಮಾಡುವವರು ತಪ್ಪುವುದು ಹೆಚ್ಚಾಗಿ ಇಲ್ಲಿ. ಇಡೀ ಸರವನ್ನು ಒಪ್ಪಬೇಕು, ಇಲ್ಲವೇ ಇ‌ಡೀ ಸರವನ್ನು ಬಿಡಬೇಕು ಅಂದುಕೊಳ್ಳುತ್ತಾರೆ. ದ್ವೈತದಲ್ಲಿ "ನೆಲವನ್ನೇ ಕೆಡವುವ ವಾದ ನಿಲ್ಲದು" ಎಂಬುದು ನಿವ್ವಳ ಚಿನ್ನ, ಯಾವ ಮತದವರಾದರೂ ಇಟ್ಟುಕೊಳ್ಳಬಹುದು. ಜೀವರ ತರತಮ ಕರಿಮಣಿ, ಮನೆಯವರಿಗೆ ಬೆಲೆ ಇದೆ, ತಕ್ಕಡಿಗೆ ಇಲ್ಲ. ಅದ್ವೈತದಲ್ಲಿ "ಕಂಡದ್ದೆಲ್ಲ ಕೊನೆಯ ಮಾತಲ್ಲ, ದೊಡ್ಡ ಅರಿವು ಬಂದಾಗ ಚಿಕ್ಕದು ಬಾಧಿತವಾಗುತ್ತದೆ" ಎಂಬುದು ಚಿನ್ನ. ವಿಜ್ಞಾನದ ಇತಿಹಾಸ ಪೂರ್ತಿ ಅದಕ್ಕೆ ಸಾಕ್ಷಿ. ಕೊನೆಗೆ ಉಳಿಯುವುದು ಒಂದೇ, ಅದು ನೀನೇ ಎಂಬುದನ್ನು ತೂಕಕ್ಕೆ ಹಾಕಲು ನನ್ನ ಹತ್ತಿರ ತಕ್ಕಡಿ ಇಲ್ಲ.

ಒಳ್ಳೆಯದು ಮಾಡಿದ ಸಿದ್ಧಾಂತ ನಿಜ ಇರಲೇಬೇಕು ಎನ್ನುವವರೂ ಇದ್ದಾರೆ. ನಾರಾಯಣ ಗುರುಗಳು ಅದ್ವೈತಿ. ದೇವಸ್ಥಾನದ ಒಳಗೆ ಬಿಡದವರಿಗಾಗಿ 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಆ ಅದ್ವೈತದಿಂದ ಈ ಊರಿಗಾದ ಉಪಕಾರ ದೊಡ್ಡದು. ಕೈ ಮುಗಿಯುತ್ತೇನೆ. ಆದರೆ ಬಡ್ಡಿ ಸರಿಯಾಗಿ ಕಟ್ಟುವವನ ಬಳೆಯೂ ತಾಮ್ರದ್ದಾಗಿರಬಹುದು, ಕಟ್ಟದವನದ್ದು ಚಿನ್ನವೂ ಆಗಿರಬಹುದು. ಎರಡು ಬೇರೆ ಬೇರೆ ಲೆಡ್ಜರ್.

ಹಾಗಾಗಿ ನಿಮಗೆ ಏಕೆ ಬೇಕು ಅಂತ ಮೊದಲು ನೋಡಿಕೊಳ್ಳಿ. ಮನೆಯಲ್ಲಿ ಸಾವಾಗಿ ಮನಸ್ಸು ಕುಸಿದಿದ್ದರೆ ಬುದ್ಧನ ಬಾಣದ ಕಥೆ ಸಾಕು, ಬಾಕಿಯದನ್ನು ಆಮೇಲೆ ಓದಬಹುದು. ಪರಂಪರೆಯೊಳಗೆ ಕೂತು ಸಾಧನೆ ಮಾಡುವವರು ಮನೆಯ ಸಿದ್ಧಾಂತವನ್ನು ಹಿಡಿದುಕೊಳ್ಳಲಿ. ಆದರೆ ಎದುರು ಕಡೆಯ ಗ್ರಂಥವನ್ನು ಅವರದೇ ವಿದ್ವಾಂಸರ ಹತ್ತಿರ ಒಂದು ವರ್ಷ ಕೇಳಲಿ. ರಾಮಾಚಾರ್ಯರು ಮಧುಸೂದನರ ಬಳಿಗೇ ಹೋಗಿ ಪಾಠ ಕೇಳಿ ಬಂದು ಖಂಡನೆ ಬರೆದರು ಅಂತ ಕಥೆ ಇದೆಯಲ್ಲ. ನಿಜ ಯಾವುದು ಅಂತ ಮಾತ್ರ ಬೇಕಿದ್ದರೆ ನಿವ್ವಳ ತೂಕ ಹಾಕಿ, ಅದರ ಮೇಲೂ ಪೂರ್ತಿ ಸಾಲ ಕೊಡಬೇಡಿ. ನೂರು ರೂಪಾಯಿ ಚಿನ್ನಕ್ಕೆ 75ರವರೆಗೆ ಎಂಬ ಮಿತಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆ ಮಿತಿ ಕೆಟ್ಟದ್ದಲ್ಲ.

ಇಷ್ಟನ್ನೂ ರಥಬೀದಿಯ ಕಟ್ಟೆಯಲ್ಲಿ ಕೂತು ಹುಡುಗನಿಗೆ ಹೇಳಿದೆ. ಅವನು ಗೋಲಿಬಜೆ ತಿನ್ನುತ್ತಾ ಕೇಳಿಸಿಕೊಂಡ. ಕೈ ಒರೆಸಿಕೊಂಡು, "ಎಲ್ಲ ಸರಿ ಮಾವ, ನಿಮ್ಮ ಒರೆಗಲ್ಲನ್ನು ಒರೆಗೆ ಹಚ್ಚಿದ್ದು ಯಾರು? ಕತ್ತರಿಸಲು ಕೊಡಬೇಕು ಎಂಬ ನಿಮ್ಮ ನಿಯಮವನ್ನೇ ಕತ್ತರಿಸುವುದು ಹೇಗೆ?" ಅಂದ.

ಹಳೆಯ ಪ್ರಶ್ನೆ. ಬೌದ್ಧ ತತ್ತ್ವಜ್ಞ ನಾಗಾರ್ಜುನ ಇದನ್ನೇ ಕೇಳಿದ್ದ: ಪ್ರಮಾಣಕ್ಕೆ, ಅಂದರೆ ನಿಜ ತಿಳಿಯುವ ಸಾಧನಕ್ಕೆ, ಪ್ರಮಾಣ ಯಾವುದು? ನ್ಯಾಯಸೂತ್ರದ ಎರಡನೇ ಅಧ್ಯಾಯದಲ್ಲಿ ಅದಕ್ಕೆ ಕೊಟ್ಟ ಉತ್ತರ ಚಿನ್ನದ ಅಂಗಡಿಯದ್ದೇ. ತಕ್ಕಡಿಯಿಂದ ಚಿನ್ನ ತೂಗುತ್ತೇವೆ. ತಕ್ಕಡಿಯ ಮೇಲೆ ಸಂಶಯ ಬಂದರೆ ತೂಕ ಗೊತ್ತಿರುವ ಚಿನ್ನ ಹಾಕಿ ತಕ್ಕಡಿಯನ್ನು ನೋಡುತ್ತೇವೆ. ಒಮ್ಮೆ ಅದು ಅಳೆಯುವುದು, ಒಮ್ಮೆ ಅಳೆಸಿಕೊಳ್ಳುವುದು. ನಮ್ಮ ಶಾಖೆಯ ತಕ್ಕಡಿಗೂ ಇಲಾಖೆಯವರು ಬಂದು ತಮ್ಮ ತೂಕದ ಬಟ್ಟು ಇಟ್ಟು ನೋಡಿ ಮುದ್ರೆ ಒತ್ತುತ್ತಿದ್ದರು.

"ಹಾಗಾದರೆ ನಿಮ್ಮ ನಿಯಮಕ್ಕೆ ಗೊತ್ತಿರುವ ಚಿನ್ನ ಯಾವುದು?"

"ಪರಮಾಣು," ಅಂದೆ. "ಅದಕ್ಕೆ ಆ ನಿಯಮ ಸರಿಯಾದ ತೂಕ ತೋರಿಸಿತು. ಆರು ಬಳೆಗೂ ತೋರಿಸಿತು, ಸ್ವಲ್ಪ ತಡವಾಗಿ."

"ಎರಡೇ ಬಟ್ಟಾ, ಮಾವ?"

"ಸದ್ಯಕ್ಕೆ ಎರಡೇ. ಇನ್ನು ನಾಲ್ಕು ಬೇಕು. ನೀನು ಹುಡುಕು, ನಾನೂ ಹುಡುಕುತ್ತೇನೆ."